ದಶಮಾಂಶ ಎಷ್ಟು ಅನ್ನುವುದು ಕಾಲಂಗೆ ಬಿಟ್ಟ ವಿಚಾರ: ಸ್ಯಾಸ್‌ನಲ್ಲಿ ಕಾಲಂ ಟೆಂಪ್ಲೇಟ್ ಬರೆಯುವ ಬಗೆ

ಪ್ರಶ್ನೆ: ಬೆಂಗಳೂರಿನ ಒಂದು ಕ್ಲಿನಿಕಲ್ ರಿಸರ್ಚ್ ಕಂಪನಿಯಲ್ಲಿ ಸ್ಟಾಟಿಸ್ಟಿಕಲ್ ಪ್ರೋಗ್ರಾಮರ್ ಆಗಿ ಮೂರು ವರ್ಷವಾಯಿತು. ಸ್ಯಾಸ್ ಎಂಬ ಅಂಕಿಅಂಶ ಸಾಫ್ಟ್‌ವೇರ್‌ನಿಂದ ರಿಗ್ರೆಶನ್ ಟೇಬಲ್‌ಗಳನ್ನು ಪಿಡಿಎಫ್‌ಗೆ ಕಳಿಸಿದಾಗ ಒಂದು ಟೇಬಲ್‌ನಲ್ಲಿ ಐದು ದಶಮಾಂಶ, ಇನ್ನೊಂದರಲ್ಲಿ ಎರಡು. ಅದನ್ನು ಸರಿಮಾಡಲು ಪ್ರತಿಸಲ ಫಲಿತಾಂಶವನ್ನು ಡೇಟಾಸೆಟ್‌ಗೆ ಇಳಿಸಿ, ಪುಟ್ ಫಂಕ್ಷನ್‌ನಿಂದ ಸಂಖ್ಯೆಯನ್ನು ಅಕ್ಷರ ಮಾಡಿ, ಮತ್ತೆ ಪ್ರಾಕ್ ರಿಪೋರ್ಟ್‌ಗೆ (ಪ್ರಾಕ್ ಅಂದರೆ ಸ್ಯಾಸ್‌ನ ಸಿದ್ಧ ಪ್ರೊಸೀಜರ್) ಕೊಡುತ್ತೇನೆ. ಟೀಮಿನ ಹಿರಿಯರು "ಅಷ್ಟೆಲ್ಲ ಯಾಕೆ, ಕಾಲಂ ಟೆಂಪ್ಲೇಟ್ ಬರೆದಿಟ್ಟುಕೋ" ಅಂದರು. ಎಲ್ಲಿಂದ ಶುರು ಮಾಡಲಿ ಮೇಡಂ? ಖರ್ಚಿನ ಕಾಲಂ ಲಕ್ಷ, ಕೋಟಿ ಕ್ರಮದಲ್ಲಿ ಬರುವಂತೆ ಮಾಡಬಹುದೇ? ಪುಟ್ ಫಂಕ್ಷನ್ ಪೂರ್ತಿ ಬಿಟ್ಟುಬಿಡಬಹುದೇ?

ಉತ್ತರ: ನಿಮ್ಮ ಹಿರಿಯರು ಹೇಳಿದ್ದು ಸರಿಯಾಗಿದೆ. ಆದರೆ ಶುರು ಮಾಡುವ ಮೊದಲೇ ಒಂದು ವಿಷಯ ಗೊತ್ತಿರಲಿ, ಇಲ್ಲದಿದ್ದರೆ ಒಂದು ವಾರ ದಾರಿ ತಪ್ಪುತ್ತೀರಿ. ಪ್ರಾಕ್ ಪ್ರಿಂಟ್, ಪ್ರಾಕ್ ರಿಪೋರ್ಟ್, ಪ್ರಾಕ್ ಟ್ಯಾಬ್ಯುಲೇಟ್ ಈ ಮೂರೂ ಟೇಬಲ್ ಟೆಂಪ್ಲೇಟ್ (ಟೇಬಲ್ ಹೇಗೆ ಕಾಣಬೇಕೆಂಬ ವಿವರಣೆ; ಅದರಲ್ಲಿ ಒಂದೊಂದು ಕಾಲಂಗೆ ಇರುವ ಭಾಗವೇ ಕಾಲಂ ಟೆಂಪ್ಲೇಟ್) ಬಳಸುವುದಿಲ್ಲ. ಅವುಗಳ ಅಲಂಕಾರವೆಲ್ಲ ಆಯಾ ಪ್ರೊಸೀಜರ್ ಒಳಗೇ ಮುಗಿಯುತ್ತದೆ. ಪ್ರಾಕ್ ರಿಪೋರ್ಟ್‌ನಲ್ಲೂ ಡಿಫೈನ್ ಅನ್ನುವ ಹೇಳಿಕೆ ಇದೆಯಲ್ಲ, ಅದೂ, ಟೆಂಪ್ಲೇಟ್‌ಗಳನ್ನು ಬರೆಯುವ ಪ್ರಾಕ್ ಟೆಂಪ್ಲೇಟ್‌ನ ಡಿಫೈನ್ ಕಾಲಂ ಕೂಡ ಒಂದೇ ಎಂದುಕೊಂಡು ಕಷ್ಟಪಟ್ಟ ಹೊಸಬರನ್ನು ನಾನು ಬಹಳ ನೋಡಿದ್ದೇನೆ. ಅವೆರಡೂ ಬೇರೆ ಬೇರೆ. ಬರೀ ಡೇಟಾಸೆಟ್ ಒಂದನ್ನು ಪಟ್ಟಿ ಮಾಡಿ ತೋರಿಸುವ ಕೆಲಸವಾದರೆ ಪ್ರಾಕ್ ರಿಪೋರ್ಟ್ ಸಾಕು, ಟೆಂಪ್ಲೇಟ್‌ಗೆ ಕೈ ಹಾಕಲೇ ಬೇಡಿ. ಪ್ರಾಕ್ ರೆಗ್, ಪ್ರಾಕ್ ಮಿಕ್ಸೆಡ್, ಪ್ರಾಕ್ ಯೂನಿವೇರಿಯೇಟ್ ಥರದವು ತಾವೇ ಲೆಕ್ಕ ಹಾಕಿ ತಾವೇ ಟೇಬಲ್ ಕಟ್ಟಿ ಕೊಡುತ್ತವಲ್ಲ, ಕಾಲಂ ಟೆಂಪ್ಲೇಟ್‌ನ ಬೆಲೆ ತಿಳಿಯುವುದು ಅಲ್ಲಿ.

ಅಲ್ಲಿ ನಡೆಯುವುದು ಇಷ್ಟು. ಸ್ಯಾಸ್‌ನ 7ನೇ ಆವೃತ್ತಿಯಲ್ಲಿ ಓಡಿಎಸ್ (ಔಟ್‌ಪುಟ್ ಡೆಲಿವರಿ ಸಿಸ್ಟಮ್) ಬರುವವರೆಗೆ ಪ್ರತಿ ಪ್ರೊಸೀಜರ್ ತನ್ನ ಫಲಿತಾಂಶವನ್ನು ನೇರವಾಗಿ ಪುಟದ ಮೇಲೆ ಅಕ್ಷರವಾಗಿ ಬರೆದುಬಿಡುತ್ತಿತ್ತು. ಅಗಲ, ದಶಮಾಂಶ, ತಲೆಬರಹ ಎಲ್ಲವೂ ಪ್ರೊಸೀಜರ್ ಬರೆದವರು ತೀರ್ಮಾನಿಸಿದ್ದೇ. ಓಡಿಎಸ್ ಬಂದ ಮೇಲೆ ಇದು ಎರಡಾಗಿ ಒಡೆಯಿತು. ಪ್ರೊಸೀಜರ್ ಬರೀ ಸಂಖ್ಯೆಗಳನ್ನು ಕೊಡುತ್ತದೆ; ಆ ಸಂಖ್ಯೆಗಳು ಹೇಗೆ ಕಾಣಬೇಕು ಅನ್ನುವುದು ಟೇಬಲ್ ಟೆಂಪ್ಲೇಟ್‌ನಲ್ಲಿ ಇರುತ್ತದೆ. ಟೇಬಲ್ ಟೆಂಪ್ಲೇಟ್ ಒಳಗೆ ಒಂದೊಂದು ಕಾಲಂಗೂ ಒಂದೊಂದು ವಿವರಣೆ. ತಲೆಬರಹ ಏನು, ಫಾರ್ಮ್ಯಾಟ್ (ಸಂಖ್ಯೆಯನ್ನು ಬರೆದು ತೋರಿಸುವ ರೂಪ) ಯಾವುದು, ಎಡಕ್ಕೋ ಬಲಕ್ಕೋ, ಒಂದೇ ಬೆಲೆ ಮರುಕಳಿಸಿದರೆ ಖಾಲಿ ಬಿಡಬೇಕೋ, ಯಾವ ಸ್ಥಿತಿಯಲ್ಲಿ ದಪ್ಪಕ್ಷರ, ಇವೆಲ್ಲ ಆ ವಿವರಣೆಯಲ್ಲಿ ಕೂರುತ್ತವೆ. ನೀವು ಈಗ ಮಾಡುತ್ತಿರುವುದು ಪ್ರೊಸೀಜರ್ ಕೊಟ್ಟ ಸಂಖ್ಯೆಯನ್ನೇ ಹಿಡಿದು ಅಕ್ಷರ ಮಾಡುವುದು. ಅದರ ಬದಲು ವಿವರಣೆಯನ್ನು ತಿದ್ದಿ, ಸಂಖ್ಯೆಯನ್ನು ಮುಟ್ಟಬೇಡಿ.

ಒಂದು ಟೇಬಲ್ ಹಿಡಿದು ನೋಡೋಣ. ಸ್ಯಾಸ್ ಜೊತೆಗೇ ಬರುವ ಕ್ಲಾಸ್ ಎಂಬ ಡೇಟಾಸೆಟ್ ನಿಮಗೆ ಗೊತ್ತೇ ಇದೆ, 19 ಮಕ್ಕಳ ವಯಸ್ಸು, ಎತ್ತರ, ತೂಕ ಇರುವಂಥದ್ದು. ತೂಕವನ್ನು ಎತ್ತರದಿಂದ ಅಂದಾಜು ಮಾಡುವ ಸರಳ ರಿಗ್ರೆಶನ್ ಅನ್ನು ಪ್ರಾಕ್ ರೆಗ್‌ನಲ್ಲಿ ಓಡಿಸಿ. ಅದಕ್ಕೆ ಮುಂಚೆ ಓಡಿಎಸ್ ಟ್ರೇಸ್ ಆನ್ ಎಂದು ಒಂದು ಸಾಲು ಹಾಕಿ. ಆಗ ಲಾಗ್‌ನಲ್ಲಿ ಪ್ರತಿ ಟೇಬಲ್‌ನ ಹೆಸರು, ಅದು ಬಳಸಿದ ಟೆಂಪ್ಲೇಟ್‌ನ ಹೆಸರು ಬರುತ್ತವೆ. ಗುಣಾಂಕಗಳ ಟೇಬಲ್‌ಗೆ ಸ್ಟಾಟ್ ಡಾಟ್ ರೆಗ್ ಡಾಟ್ ಪ್ಯಾರಾಮೀಟರ್‌ಎಸ್ಟಿಮೇಟ್ಸ್ ಎಂಬ ಟೆಂಪ್ಲೇಟ್ ಕಾಣುತ್ತದೆ. ಆಮೇಲೆ ಪ್ರಾಕ್ ಟೆಂಪ್ಲೇಟ್ ಒಳಗೆ ಸೋರ್ಸ್ ಎಂದು ಬರೆದು ಆ ಹೆಸರು ಕೊಟ್ಟರೆ ಟೆಂಪ್ಲೇಟ್‌ನ ಪೂರ್ತಿ ಪಠ್ಯವನ್ನೇ ಲಾಗ್‌ಗೆ ಸುರಿಯುತ್ತದೆ. ಇದನ್ನು ನಿಧಾನವಾಗಿ ಓದಿ. ಕಾಲಂಗಳ ನಿಜವಾದ ಹೆಸರು ತಿಳಿಯುವುದು ಇಲ್ಲೇ. ಊಹೆಯಿಂದ ಹೆಸರು ಬರೆದು ಯಾಕೆ ಏನೂ ಬದಲಾಗಲಿಲ್ಲ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಐದು ನಿಮಿಷದ ಈ ಓದು ಎಷ್ಟೋ ಮೇಲು.

ಏನೂ ತಿದ್ದದೆ ಓಡಿಸಿದರೆ ಎತ್ತರದ ಗುಣಾಂಕ 3.89903, ಅದರ ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆಯ ಅಳತೆ) 0.51609, ಟಿ ಬೆಲೆ (ಗುಣಾಂಕವನ್ನು ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿದ್ದು) 7.55, ಪಿ-ವ್ಯಾಲ್ಯೂ (ಸಂಬಂಧವೇ ಇಲ್ಲದಿದ್ದರೂ ಇಷ್ಟು ದೊಡ್ಡ ಟಿ ಬೆಲೆ ಬರುವ ಸಂಭವನೀಯತೆ) <.0001. ಇಂಟರ್‌ಸೆಪ್ಟ್ -143.02692. ಎತ್ತರ ಇಂಚಿನಲ್ಲಿ, ತೂಕ ಪೌಂಡಿನಲ್ಲಿ. 19 ಮಕ್ಕಳನ್ನು ತೂಗಿ, ಇಂಚಿಗೆ ಎಷ್ಟು ಪೌಂಡ್ ಹೆಚ್ಚುತ್ತದೆ ಅನ್ನುವುದನ್ನು ದಶಮಾಂಶದ ಐದನೇ ಸ್ಥಾನದವರೆಗೆ ಹೇಳುವುದಕ್ಕೆ ಅರ್ಥವಿಲ್ಲ. ಎರಡು ಸ್ಥಾನ ಸಾಕು ಎಂದಿಟ್ಟುಕೊಳ್ಳಿ. ಪ್ರಾಕ್ ಟೆಂಪ್ಲೇಟ್‌ನಲ್ಲಿ ಎಡಿಟ್ ಎಂದು ಟೇಬಲ್‌ನ ಹೆಸರು, ಅದರೊಳಗೆ ಮತ್ತೆ ಎಡಿಟ್ ಎಂದು ಎಸ್ಟಿಮೇಟ್ ಕಾಲಂ, ಫಾರ್ಮ್ಯಾಟ್ 8.2 (ಒಟ್ಟು ಎಂಟು ಅಕ್ಷರದ ಅಗಲ, ಅದರಲ್ಲಿ ಎರಡು ದಶಮಾಂಶ), ಆ ಕಾಲಂಗೆ ಒಂದು ಎಂಡ್. ಸ್ಟ್ಯಾಂಡರ್ಡ್ ಎರರ್‌ಗೂ ಹಾಗೇ. ಕೊನೆಗೆ ಟೇಬಲ್‌ಗೆ ಒಂದು ಎಂಡ್. ಮತ್ತೆ ಓಡಿಸಿದರೆ 3.90, 0.52, -143.03. ದಶಮಾಂಶ ಚುಕ್ಕಿಗಳು ನೇರವಾಗಿ ಒಂದರ ಕೆಳಗೆ ಒಂದು ನಿಲ್ಲುತ್ತವೆ, ಯಾಕೆಂದರೆ ಫಾರ್ಮ್ಯಾಟ್‌ನಲ್ಲಿ ದಶಮಾಂಶದ ಸಂಖ್ಯೆ ನಿಗದಿಯಾಗಿದೆ, ಕಾಲಂ ಬಲಕ್ಕೆ ಒತ್ತಿದೆ. ದಶಮಾಂಶ ಎಷ್ಟೆಂದು ಸ್ಯಾಸ್‌ಗೇ ಬಿಡುವ ಬೆಸ್ಟ್ ಫಾರ್ಮ್ಯಾಟ್ ಹಾಕಿದರೆ ಈ ಚುಕ್ಕಿಗಳು ಚೆಲ್ಲಾಪಿಲ್ಲಿಯಾಗುತ್ತವೆ. ವರದಿಯ ಕಾಲಂಗೆ ಬೆಸ್ಟ್ ಹಾಕಲೇ ಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇಲ್ಲೊಂದು ಸೂಕ್ಷ್ಮವಿದೆ. ಹೀಗೆ ತಿದ್ದಿದ ಟೇಬಲ್ ಅನ್ನು ರಿವ್ಯೂಗೆ ಕೊಟ್ಟರೆ, ಕ್ಯಾಲ್ಕ್ಯುಲೇಟರ್ ಹಿಡಿದು ಕೂತ ರಿವ್ಯೂವರ್ 3.90 ಅನ್ನು 0.52ರಿಂದ ಭಾಗಿಸುತ್ತಾರೆ. ಬರುವುದು 7.50. ಟೇಬಲ್‌ನಲ್ಲಿ ಇರುವುದು 7.55. "ಎಲ್ಲೋ ತಪ್ಪಿದೆ" ಎಂದು ಕಾಮೆಂಟ್ ಬರುತ್ತದೆ. ತಪ್ಪೇನೂ ಇಲ್ಲ. ಫಾರ್ಮ್ಯಾಟ್ ಮುಟ್ಟಿದ್ದು ಕಾಣುವ ರೂಪವನ್ನು ಮಾತ್ರ, ಒಳಗಿನ ಸಂಖ್ಯೆ 3.89903 ಆಗಿಯೇ ಉಳಿದಿದೆ, ಟಿ ಬೆಲೆ ಲೆಕ್ಕವಾದದ್ದು ಅದರಿಂದ. ಆದರೂ ರಿವ್ಯೂವರ್ ಕೇಳಿದ್ದು ನ್ಯಾಯವಾದ ಪ್ರಶ್ನೆ. ಟೇಬಲ್ ಓದುವವರ ಕೈಗೆ ನಾವು ಕೊಡುವುದು ಆ ಕಂಡ ಸಂಖ್ಯೆಗಳನ್ನೇ. ಹಾಗಾಗಿ ಸ್ಟ್ಯಾಂಡರ್ಡ್ ಎರರ್ ಕಾಲಂಗೆ ನಾನು ಯಾವಾಗಲೂ ಗುಣಾಂಕಕ್ಕಿಂತ ಒಂದು ದಶಮಾಂಶ ಹೆಚ್ಚು ಇಡುತ್ತೇನೆ. 3.90 ಮತ್ತು 0.516 ಎಂದು ಇಟ್ಟರೆ ಭಾಗಲಬ್ಧ 7.56ರ ಹತ್ತಿರ ಬರುತ್ತದೆ, ಕೊನೆಯ ಅಂಕಿಯ ವ್ಯತ್ಯಾಸವಷ್ಟೇ ಉಳಿಯುತ್ತದೆ. ದಶಮಾಂಶ ಎಷ್ಟು ಅನ್ನುವ ತೀರ್ಮಾನವನ್ನು ಇಡೀ ಟೇಬಲ್‌ಗೆ ಒಂದೇ ಮಾತಿನಲ್ಲಿ ಮುಗಿಸದೆ ಕಾಲಂ ಕಾಲಂಗೂ ಬೇರೆ ಮಾಡಬೇಕು ಎಂದು ನಾನು ಹೇಳುವುದು ಇದಕ್ಕೇ. ಕಾಲಂ ಏನನ್ನು ಹೇಳುತ್ತದೆ ಅನ್ನುವುದರ ಮೇಲೆ ಅದರ ದಶಮಾಂಶ ನಿಲ್ಲಬೇಕು. ಸರಾಸರಿಗೆ ಮೂಲ ಅಳತೆಗಿಂತ ಒಂದು ಹೆಚ್ಚು, ಸ್ಟ್ಯಾಂಡರ್ಡ್ ಡೀವಿಯೇಶನ್‌ಗೆ ಎರಡು ಹೆಚ್ಚು ಎಂದು ಕ್ಲಿನಿಕಲ್ ಟೇಬಲ್‌ಗಳಲ್ಲಿ ಇಟ್ಟುಕೊಳ್ಳುವ ರೂಢಿಯ ಹಿಂದೆ ಇರುವುದೂ ಇದೇ ಯೋಚನೆ.

ನೀವು ಅದೇ ಟೇಬಲ್ ಅನ್ನು ಓಡಿಎಸ್ ಔಟ್‌ಪುಟ್‌ನಿಂದ ಡೇಟಾಸೆಟ್‌ಗೆ ಇಳಿಸಿದರೂ ಪೂರ್ತಿ ಸಂಖ್ಯೆಯೇ ಬರುತ್ತದೆ, ಫಾರ್ಮ್ಯಾಟ್ ಅದರ ಬೆನ್ನಿಗೆ ಅಂಟಿಕೊಂಡಿರುತ್ತದೆ. ಪುಟ್ ಫಂಕ್ಷನ್‌ನಿಂದ ಅಕ್ಷರ ಮಾಡಿದಾಗ ಕಳೆದುಹೋಗುವುದು ಈ ಪೂರ್ತಿ ಸಂಖ್ಯೆ. ಆಮೇಲೆ ಯಾರಾದರೂ ಆ ಡೇಟಾಸೆಟ್‌ನಿಂದ ಲೆಕ್ಕ ಹಾಕಿದರೆ ದುಂಡಾದ ಸಂಖ್ಯೆಯಿಂದಲೇ ಹಾಕಬೇಕಾಗುತ್ತದೆ.

ಇನ್ನು ಪಿ-ವ್ಯಾಲ್ಯೂ ಕಾಲಂ. ಇದಕ್ಕೆ ಪಿವ್ಯಾಲ್ಯೂ 6.4 ಎಂಬ ಫಾರ್ಮ್ಯಾಟ್ ಸಿದ್ಧವಾಗಿಯೇ ಇದೆ, 0.0001ಕ್ಕಿಂತ ಚಿಕ್ಕದಾದರೆ <.0001 ಎಂದು ಬರೆಯುವುದು ಅದೇ. ಎಲ್ಲರೂ ಕೇಳುವುದು ರೂಢಿಯ ಗಡಿಯಾದ 0.05ಕ್ಕಿಂತ ಕಡಿಮೆ ಇರುವುದನ್ನು ದಪ್ಪಕ್ಷರದಲ್ಲಿ ತೋರಿಸುವುದು ಹೇಗೆ ಎಂದು. ಕಾಲಂ ವಿವರಣೆಯೊಳಗೆ ಸೆಲ್‌ಸ್ಟೈಲ್ ಎಂಬ ಹೇಳಿಕೆ ಇದೆ. ಷರತ್ತು ಬರೆದು, ಆಸ್ ಎಂದು, ಬೇಕಾದ ಶೈಲಿ ಕೊಡುವುದು. ಷರತ್ತುಗಳನ್ನು ಬರೆದ ಕ್ರಮದಲ್ಲೇ ನೋಡುತ್ತಾ ಹೋಗುತ್ತದೆ, ಮೊದಲು ನಿಜವಾದದ್ದು ಗೆಲ್ಲುತ್ತದೆ. ಸೆಲ್‌ನ ಬೆಲೆಯನ್ನು ಎರಡೂ ಕಡೆ ಅಂಡರ್‌ಸ್ಕೋರ್ ಹಾಕಿದ ವ್ಯಾಲ್ ಎಂಬ ಹೆಸರಿನಿಂದ ಕರೆಯಬೇಕು.

ಇಲ್ಲಿ ಎಡವಿ ಬೀಳುವ ಜಾಗಗಳು ಎರಡಿವೆ. ಮೊದಲನೆಯದು ಖಾಲಿ ಬೆಲೆ. ಸ್ಯಾಸ್ ಇದನ್ನು ಮಿಸ್ಸಿಂಗ್ ಎಂದು ಕರೆದು ಒಂದು ಚುಕ್ಕಿಯಾಗಿ ತೋರಿಸುತ್ತದೆ, ಹೋಲಿಸುವಾಗ ಅದನ್ನು ಎಲ್ಲ ಸಂಖ್ಯೆಗಿಂತ ಚಿಕ್ಕದು ಎಂದು ಎಣಿಸುತ್ತದೆ. ಬೆಲೆ 0.05ಕ್ಕಿಂತ ಕಡಿಮೆ ಎಂದಷ್ಟೇ ಬರೆದರೆ ಪಿ-ವ್ಯಾಲ್ಯೂ ಇಲ್ಲದ ಸಾಲೂ, ಅಂದರೆ ಹೋಲಿಕೆಗೆ ಆಧಾರವಾದ ರೆಫರೆನ್ಸ್ ಗುಂಪಿನ ಆ ಬರೀ ಚುಕ್ಕಿಯೂ ದಪ್ಪವಾಗಿ ಬಂದು ಕೂರುತ್ತದೆ. ಖಾಲಿ ಅಲ್ಲ ಮತ್ತು 0.05ಕ್ಕಿಂತ ಕಡಿಮೆ ಎಂದು ಎರಡೂ ಸೇರಿಸಿ ಬರೆಯಿರಿ. ಆ ಚುಕ್ಕಿ ಕಣ್ಣಿಗೆ ಬೇಡವೆನಿಸಿದರೆ ಟ್ರಾನ್ಸ್‌ಲೇಟ್ ಹೇಳಿಕೆಯಿಂದ ಆ ಕಾಲಂನಲ್ಲಿ ಮಾತ್ರ ಅಡ್ಡಗೆರೆಗೆ ಬದಲಿಸಬಹುದು. ಮಿಸ್ಸಿಂಗ್ ಆಪ್ಷನ್ ಬದಲಿಸಿದರೆ ಇಡೀ ವರದಿಗೆ ತಗಲುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. ಸೆಲ್‌ಸ್ಟೈಲ್ ನೋಡುವುದು ಒಳಗಿನ ಬೆಲೆಯನ್ನು, ಓದುಗರು ನೋಡುವುದು ಫಾರ್ಮ್ಯಾಟ್ ಆದ ಬೆಲೆಯನ್ನು. 0.04996 ಇದ್ದರೆ ಪುಟದಲ್ಲಿ 0.0500 ಎಂದು ದಪ್ಪವಾಗಿ ಬರುತ್ತದೆ. ಕೆಳಗಿನ ಸಾಲಿನಲ್ಲಿ 0.05003 ಇದ್ದರೆ ಅದೂ 0.0500, ಆದರೆ ತೆಳ್ಳಗೆ. ಒಂದೇ ಸಂಖ್ಯೆ, ಒಂದಕ್ಕೆ ಒತ್ತು, ಇನ್ನೊಂದಕ್ಕಿಲ್ಲ. ಇದನ್ನು ತಪ್ಪಿಸಲು ಬೆಲೆಯನ್ನೇ ರೌಂಡ್ ಮಾಡಿ ಹೋಲಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಾಗೆ ಮಾಡಿದರೆ 0.04996ರ ಒತ್ತು ಹೋಗುತ್ತದೆ, ಅಂದರೆ ಪರೀಕ್ಷೆಯ ತೀರ್ಪನ್ನೇ ಅಲಂಕಾರ ತಿದ್ದಿದ ಹಾಗಾಯಿತು. ಗಡಿಯ ಹತ್ತಿರ ಸಂಖ್ಯೆ ಬಂದಾಗ ಆ ಟೇಬಲ್‌ನ ಕಾಲಂಗೆ ಇನ್ನೊಂದು ದಶಮಾಂಶ ಕೊಡಿ, ಇಲ್ಲವೇ ಒತ್ತು ಕೊಟ್ಟದ್ದು ಪೂರ್ತಿ ಬೆಲೆಯ ಆಧಾರದ ಮೇಲೆ ಎಂದು ಅಡಿಟಿಪ್ಪಣಿ ಹಾಕಿ. ಔಷಧಿ ಪ್ರಯೋಗದ ಟೇಬಲ್‌ನಲ್ಲಿ ದಪ್ಪಕ್ಷರವೇ ಬೇಡ, ಓದುಗರು ಸಂಖ್ಯೆ ಓದಲಿ ಅನ್ನುವ ಪಕ್ಷದವಳು ನಾನು. ಆದರೆ ಸ್ಪಾನ್ಸರ್ ಕೇಳಿದರೆ ಮಾಡಲೇಬೇಕಾಗುತ್ತದೆ, ಮಾಡುವುದಾದರೆ ಸರಿಯಾಗಿ ಮಾಡಬೇಕು.

ಲಕ್ಷ, ಕೋಟಿಯ ಪ್ರಶ್ನೆಗೆ ಬರುತ್ತೇನೆ. ಕಾಮಾ ಫಾರ್ಮ್ಯಾಟ್ ಮೂರು ಮೂರು ಅಂಕಿಗೆ ಕಡಿಯುತ್ತದೆ, 1,234,567. ನಮಗೆ ಬೇಕಾದ 12,34,567 ಅದರಿಂದ ಬರುವುದಿಲ್ಲ. ಪ್ರಾಕ್ ಫಾರ್ಮ್ಯಾಟ್‌ನಲ್ಲಿ ಪಿಕ್ಚರ್, ಅಂದರೆ ಅಂಕಿಗಳ ಜಾಗ ತೋರಿಸುವ ಮಾದರಿ, ಬರೆದುಕೊಳ್ಳಬೇಕು. ಮಾದರಿ ಹೀಗಿರಲಿ: 00,00,00,009. ಚಿಕ್ಕ ಸಂಖ್ಯೆ ಬಂದಾಗ ಮುಂದಿನ ಸೊನ್ನೆಗಳೂ ಅವುಗಳ ಅಲ್ಪವಿರಾಮಗಳೂ ತಾವೇ ಉದುರಿಹೋಗುತ್ತವೆ, ಹಾಗಾಗಿ ಸಾವಿರಕ್ಕೂ ಕೋಟಿಗೂ ಇದೊಂದೇ ಸಾಕು. ಆದರೆ ಪಿಕ್ಚರ್ ತಾನಾಗಿ ರೌಂಡ್ ಮಾಡುವುದಿಲ್ಲ, ಕತ್ತರಿಸುತ್ತದೆ. 999.80 ರೂಪಾಯಿ 999 ಆಗಿಬಿಡುತ್ತದೆ. ರೌಂಡ್ ಆಪ್ಷನ್ ಮರೆಯಬೇಡಿ. ಇದಕ್ಕಿಂತ ಅಪಾಯದ್ದು ಋಣ ಸಂಖ್ಯೆ: ಮೈನಸ್ ಚಿಹ್ನೆಯನ್ನು ಪಿಕ್ಚರ್ ತಾನಾಗಿ ಬರೆಯುವುದೇ ಇಲ್ಲ. ಉಳಿತಾಯ ಖರ್ಚಾಗಿ ಕಾಣುತ್ತದೆ. ಸೊನ್ನೆಗಿಂತ ಕೆಳಗಿನದಕ್ಕೆ ಬೇರೆ ವ್ಯಾಪ್ತಿ ಬರೆದು ಪ್ರಿಫಿಕ್ಸ್‌ನಲ್ಲಿ ಮೈನಸ್ ಕೊಡಿ, ಮಾದರಿಯಲ್ಲಿ ಒಂದು ಸೊನ್ನೆ ಹೆಚ್ಚಿಗೆ ಇಡಿ. ಜಾಗ ಸಾಲದಿದ್ದರೆ ಚಿಹ್ನೆ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಕಾಲಂ ಟೆಂಪ್ಲೇಟ್‌ನಲ್ಲಿ ಉಳಿಯುವುದು ಈ ಫಾರ್ಮ್ಯಾಟ್‌ನ ಹೆಸರು ಮಾತ್ರ, ಫಾರ್ಮ್ಯಾಟ್ ಅಲ್ಲ. ಅದು ಇರುವ ಕ್ಯಾಟಲಾಗ್ ಅನ್ನು, ಫಾರ್ಮ್ಯಾಟ್‌ಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ ಎಫ್‌ಎಂಟಿಸರ್ಚ್ ಆಪ್ಷನ್‌ಗೆ ಸೇರಿಸಿರದಿದ್ದರೆ ಬೇರೆಯವರ ಸೆಷನ್‌ನಲ್ಲಿ ಟೇಬಲ್ ಕೈಕೊಡುತ್ತದೆ.

ನಿಮ್ಮದೇ ಡೇಟಾಸೆಟ್‌ಗೂ ಕಾಲಂ ಟೆಂಪ್ಲೇಟ್ ಬರೆಯಬಹುದು. ಡೇಟಾ ಸ್ಟೆಪ್‌ನಲ್ಲಿ ಫೈಲ್ ಪ್ರಿಂಟ್ ಓಡಿಎಸ್ ಎಂದು ಟೆಂಪ್ಲೇಟ್‌ನ ಹೆಸರು ಕೊಟ್ಟು, ಪುಟ್ ಎಂದು ಎರಡೂ ಕಡೆ ಅಂಡರ್‌ಸ್ಕೋರ್ ಇರುವ ಓಡಿಎಸ್ ಬರೆದರಾಯಿತು (ಇದು ಪುಟ್ ಹೇಳಿಕೆ, ನಿಮ್ಮ ಪುಟ್ ಫಂಕ್ಷನ್ ಅಲ್ಲ). ಇಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದದ್ದು ಜೆನೆರಿಕ್ ಎಂಬ ಗುಣ. 0, 4, 8, 12ನೇ ವಾರದ ವಿಸಿಟ್‌ಗಳಿಗೆ ನಾಲ್ಕು ಕಾಲಂ ಇವೆ ಎನ್ನಿ. ನಾಲ್ಕಕ್ಕೂ ವಿವರಣೆ ಒಂದೇ. ವಿಸಿಟ್ ಎಂಬ ಒಂದೇ ಕಾಲಂ ಬರೆದು, ಜೆನೆರಿಕ್ ಆನ್ ಮಾಡಿ, ತಲೆಬರಹವನ್ನು ವೇರಿಯಬಲ್‌ನ ಲೇಬಲ್‌ನಿಂದ ತೆಗೆದುಕೋ ಎಂದು ಹೇಳಿ. ಫೈಲ್ ಹೇಳಿಕೆಯ ಕಾಲಮ್ಸ್ ಪಟ್ಟಿಯಲ್ಲಿ ನಾಲ್ಕು ವೇರಿಯಬಲ್‌ಗಳನ್ನೂ ಅದೇ ವಿಸಿಟ್‌ಗೆ ಜೋಡಿಸಿ, ಅಲ್ಲೂ ಪ್ರತಿಯೊಂದಕ್ಕೆ ಜೆನೆರಿಕ್ ಆನ್ ಬರೆಯಬೇಕು. ಎರಡರಲ್ಲಿ ಒಂದು ಕಡೆ ಮರೆತರೂ ಕೆಲಸವಾಗುವುದಿಲ್ಲ. ನಾಳೆ 24ನೇ ವಾರ ಸೇರಿದರೆ ಪಟ್ಟಿಗೆ ಒಂದು ಹೆಸರು ಸೇರಿಸಿದರೆ ಮುಗಿಯಿತು.

ಚಿಕ್ಕವು ಒಂದೆರಡು. ತಲೆಬರಹದ ಮೊದಲ ಗುರುತು ಅಕ್ಷರವೂ ಅಂಕಿಯೂ ಅಲ್ಲದ ಚಿಹ್ನೆಯಾದರೆ ಅದನ್ನು ಸಾಲು ಮುರಿಯುವ ಗುರುತು ಎಂದು ಸ್ಯಾಸ್ ತಿಳಿಯುತ್ತದೆ. ಅದರದೇ ಟೆಂಪ್ಲೇಟ್‌ಗಳಲ್ಲಿ ತಲೆಬರಹ ಅರ್ಧವಿರಾಮದಿಂದ ಶುರುವಾಗುವುದು ಅದಕ್ಕೇ, ಅದನ್ನು ಕೊಳೆ ಎಂದು ಅಳಿಸಬೇಡಿ. ವಿಡ್ತ್ ಅನ್ನುವುದು ಲಿಸ್ಟಿಂಗ್ ಔಟ್‌ಪುಟ್‌ಗೆ ಅಕ್ಷರದ ಲೆಕ್ಕದಲ್ಲಿ ಕೊಡುವ ಅಗಲ. ಪಿಡಿಎಫ್‌ನಲ್ಲಿ ಅಗಲ ಬೇಕಿದ್ದರೆ ಕಾಲಂನ ಸ್ಟೈಲ್ ಗುಣದಲ್ಲಿ ಸೆಲ್ ಅಗಲವಾಗಿ ಕೊಡಿ. ಮರುಕಳಿಸಿದ ಬೆಲೆಯನ್ನು ಖಾಲಿ ಬಿಡುವ ಬ್ಲ್ಯಾಂಕ್ ಡಪ್ಸ್ ಕಾಗದದ ಮೇಲೆ ಚೆಂದ. ಅದೇ ಟೇಬಲ್ ಎಕ್ಸೆಲ್‌ಗೆ ಹೋಗುವುದಿದ್ದರೆ ಹಾಕಬೇಡಿ, ಅಲ್ಲಿ ಫಿಲ್ಟರ್ ಹಾಕಿದವರಿಗೆ ಅರ್ಧ ಸಾಲು ಸಿಗುವುದೇ ಇಲ್ಲ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು. ಟೆಂಪ್ಲೇಟ್ ತಿದ್ದಿದರೆ ಆ ತಿದ್ದುಪಡಿ ಸೆಷನ್ ಮುಚ್ಚಿದ ಮೇಲೂ ಉಳಿಯುತ್ತದೆ. ಸ್ಯಾಸ್ ಕೊಟ್ಟ ಮೂಲ ಟೆಂಪ್ಲೇಟ್‌ಗಳು ಸ್ಯಾಸ್‌ಹೆಲ್ಪ್ ಲೈಬ್ರರಿಯ ಸ್ಟೋರ್‌ನಲ್ಲಿ (ಟೆಂಪ್ಲೇಟ್‌ಗಳನ್ನು ಇಡುವ ಕಡತ) ಓದಲು ಮಾತ್ರ ಇರುತ್ತವೆ. ನೀವು ತಿದ್ದಿದ್ದು ಸಾಮಾನ್ಯವಾಗಿ ನಿಮ್ಮ ಸ್ಯಾಸ್‌ಯೂಸರ್ ಲೈಬ್ರರಿಗೆ ಹೋಗಿ ಕೂರುತ್ತದೆ, ಮುಂದಿನ ಸಲ ಮೊದಲು ಹುಡುಕುವುದೂ ಅಲ್ಲೇ. ವರ್ಷಗಳ ಹಿಂದೆ ಒಂದು ಸ್ಟಡಿಗೆ ಪಿ-ವ್ಯಾಲ್ಯೂ ಮೂರು ದಶಮಾಂಶ ಸಾಕು ಎಂದು ನಾನು ಹೀಗೆ ತಿದ್ದಿದ್ದೆ. ಎರಡು ತಿಂಗಳ ಮೇಲೆ ಬೇರೊಂದು ಸ್ಟಡಿಯ ಟೇಬಲ್ ಓಡಿಸಿದಾಗ ಕ್ಯೂಸಿ (ಗುಣಮಟ್ಟದ ಪರಿಶೀಲನೆ) ಮಾಡುತ್ತಿದ್ದ ಸಹೋದ್ಯೋಗಿಯ ಪ್ರಿಂಟ್‌ನಲ್ಲಿ ನಾಲ್ಕು, ನನ್ನದರಲ್ಲಿ ಮೂರು. ಡೇಟಾ ಒಂದೇ, ಪ್ರೋಗ್ರಾಂ ಒಂದೇ. ಎರಡು ಪ್ರಿಂಟ್ ಅಕ್ಕಪಕ್ಕ ಇಟ್ಟುಕೊಂಡು ಇಬ್ಬರೂ ಅರ್ಧ ದಿನ ಪ್ರೋಗ್ರಾಂನ ಸಾಲು ಸಾಲು ನೋಡಿದೆವು. ಸಮಸ್ಯೆ ಪ್ರೋಗ್ರಾಂನಲ್ಲಿ ಇರಲೇ ಇಲ್ಲ. ಟೆಂಪ್ಲೇಟ್‌ಗಳನ್ನು ಯಾವ ಕ್ರಮದಲ್ಲಿ ಹುಡುಕುತ್ತದೆ ಎಂದು ತೋರಿಸುವ ಓಡಿಎಸ್ ಪಾತ್ ಶೋ ಹಾಕಿದ ಮೇಲೆ, ನನ್ನ ಹಳೆಯ ತಿದ್ದುಪಡಿಯೇ ಕಾರಣ ಎಂದು ಗೊತ್ತಾಯಿತು.

ಅಂದಿನಿಂದ ನನ್ನ ಪದ್ಧತಿ ಇದು. ಪ್ರಯೋಗ ಮಾಡುವಾಗ ಪ್ರೋಗ್ರಾಂನ ಮೊದಲಲ್ಲೇ ಓಡಿಎಸ್ ಪಾತ್‌ನ ಮುಂದೆ ವರ್ಕ್ ಲೈಬ್ರರಿಯ ಸ್ಟೋರ್ ಅನ್ನು ಅಪ್‌ಡೇಟ್ ಅನುಮತಿಯಿಂದ ಸೇರಿಸುತ್ತೇನೆ, ಸೆಷನ್ ಮುಗಿದರೆ ಅದೂ ಮುಗಿಯುತ್ತದೆ. ಟೀಮ್ ಒಪ್ಪಿದ ಕಾಲಂಗಳು ಸ್ಟಡಿಯ ಫೋಲ್ಡರ್‌ನಲ್ಲೇ ಒಂದು ಸ್ಟೋರ್‌ನಲ್ಲಿ ಇರುತ್ತವೆ. ಬರೆಯುವುದು ಒಬ್ಬರು, ಉಳಿದವರೆಲ್ಲ ಓದುವ ಅನುಮತಿಯಿಂದ ಮಾತ್ರ ಜೋಡಿಸಿಕೊಳ್ಳುತ್ತಾರೆ. ಆ ಸ್ಟೋರ್ ಕಟ್ಟುವ ಪ್ರೋಗ್ರಾಂ ಕೂಡ ಅದೇ ಫೋಲ್ಡರ್‌ನಲ್ಲಿ. ಎಡಿಟ್ ಮಾಡಿದಾಗ ಇಡೀ ಟೇಬಲ್ ಟೆಂಪ್ಲೇಟ್‌ನ ಪ್ರತಿಯೇ ನಿಮ್ಮ ಸ್ಟೋರ್‌ಗೆ ಬರುವುದರಿಂದ, ಸ್ಯಾಸ್ ಹೊಸ ಆವೃತ್ತಿಗೆ ಹೋದಾಗ ಹಳೆಯ ಪ್ರತಿ ಅಡ್ಡ ನಿಲ್ಲಬಹುದು. ಆಗ ಹಳೆಯ ಪ್ರತಿಯನ್ನು ಅಳಿಸಿ, ಆ ಪ್ರೋಗ್ರಾಂ ಅನ್ನು ಹೊಸದಾಗಿ ಓಡಿಸಿ. ಇವತ್ತೇ ನಿಮ್ಮ ಸ್ಯಾಸ್‌ಯೂಸರ್ ಸ್ಟೋರ್‌ನಲ್ಲಿ ಏನಿದೆ ಎಂದು ಪ್ರಾಕ್ ಟೆಂಪ್ಲೇಟ್‌ನ ಲಿಸ್ಟ್ ಹೇಳಿಕೆಯಿಂದ ನೋಡಿ. ಬೇಡದ್ದು ಸಿಕ್ಕರೆ ಡಿಲೀಟ್ ಹೇಳಿಕೆಯಲ್ಲಿ ಅದರ ಹೆಸರು ಕೊಡಿ, ಕೆಳಗಿರುವ ಮೂಲ ಟೆಂಪ್ಲೇಟ್ ತಾನಾಗಿ ಮೇಲೆ ಬರುತ್ತದೆ.

ಪುಟ್ ಫಂಕ್ಷನ್ ಪೂರ್ತಿ ಬಿಡಲು ಆಗುವುದಿಲ್ಲ. ಒಂದೇ ಸೆಲ್‌ನಲ್ಲಿ ಸರಾಸರಿ, ಪಕ್ಕದ ಆವರಣದಲ್ಲಿ ಸ್ಟ್ಯಾಂಡರ್ಡ್ ಡೀವಿಯೇಶನ್ ಬೇಕೆಂದರೆ ಅಕ್ಷರ ಮಾಡಿ ಜೋಡಿಸುವುದೇ ನೇರ ದಾರಿ. ಆಗಲೂ ಸಂಖ್ಯೆಯ ಕಾಲಂಗಳನ್ನು ಡೇಟಾಸೆಟ್‌ನಲ್ಲಿ ಹಾಗೇ ಉಳಿಸಿಕೊಂಡು, ಅಕ್ಷರದ ಕಾಲಂ ಅನ್ನು ಬೇರೆಯಾಗಿ ಸೇರಿಸಿ. ಕ್ಯೂಸಿ ಮಾಡುವವರು ಹೋಲಿಸಬೇಕಾದದ್ದು ಆ ಸಂಖ್ಯೆಗಳನ್ನು.